ನಮ್ಮ ಮನೆಯ ಮೀನು ಸಸ್ಯಾಹಾರಿ

ಆಗಸ್ಟ್ ೩, ಭಾನುವಾರ

ಬರೆ, ಲೇಖನಿಯೇ, ಬರೆ! ತಿಪಟೂರಿನ ಕೊಬ್ಬರಿ ವರ್ತಕನೂ, ನಮ್ಮ ನಾಟಕ ಮಂಡಳಿಯಲ್ಲಿ ಮಹಾರಾಜನ ಪಾತ್ರಕ್ಕೆ ಎದುರಾಳಿ ಇಲ್ಲದವನೂ ಆದ ಈ ರೇವಣಸಿದ್ದಯ್ಯನು ಇಂದು ತುಂಬಿದ ಸಭೆಯಲ್ಲಿ ಮಾತು ಕೊಟ್ಟಿದ್ದಾನೆ!

ಸೊಸೆ ಜೀವಿತಾಳ ಸೀಮಂತ ಮುಗಿಯಿತು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಅವಳ ತಾಯಿ ಸರ್ವಮಂಗಳ ತುರುವೇಕೆರೆಯಿಂದ ಕಾರು ತಂದಿದ್ದರು. ಬೀಗರೆಲ್ಲ ಹತ್ತಿ ಕೂತರೂ ಹುಡುಗಿ ಮಾತ್ರ ನಡುಮನೆಯ ಗಾಜಿನ ಸಮುದ್ರದ ಮುಂದೆ ನಿಂತೇ ಇದ್ದಳು.

ಬರಿಯ ಮೀನಿನ ತೊಟ್ಟಿಯಲ್ಲ, ಸಮುದ್ರವೇ ಸರಿ ಅದು. ಉಪ್ಪುನೀರು, ಕಲ್ಲು, ಹೊತ್ತಿಗೆ ಸರಿಯಾಗಿ ಅರಳಿ ಮುಚ್ಚುವ ಹವಳ. ಹವಳವೆಂದರೆ ಉಂಗುರದ ಕಲ್ಲು ಎಂದು ನಂಬಿದ್ದವನಿಗೆ ಅದು ಉಸಿರಾಡುವ ಜೀವ ಎಂದು ತಿಳಿಸಿದವಳು ಅವಳೇ. ಒಳಗೆ ಕಿತ್ತಳೆ ಬಣ್ಣದ ಜೋಡಿ ಮೀನುಗಳಿವೆ, ಏನು ಹಾಕಿದರೂ ನುಂಗುವ ಹೊಟ್ಟೆಬಾಕಗಳು. ಮತ್ತೆ ಚಿತ್ತಾರ ಇದ್ದಾನೆ. ಅಂಗಡಿಯವರು ಮ್ಯಾಂಡರಿನ್ ಅನ್ನುತ್ತಾರೆ. ಕಿರುಬೆರಳಷ್ಟು ಉದ್ದ, ನೀಲಿ ಮೈಮೇಲೆ ಕೇಸರಿ ಬಳ್ಳಿ. ನಮ್ಮ ಮಂಡಳಿಯ ಅರಮನೆ ಪರದೆ ಬರೆದವನ ಕೈಯಲ್ಲೂ ಇಂಥ ಬಣ್ಣ ಬಂದಿಲ್ಲ. ಅವನು ಈಜುವುದಕ್ಕಿಂತ ಹೆಚ್ಚಾಗಿ ಕಲ್ಲಿನ ಮೇಲೆ ನಡೆಯುತ್ತಾನೆ, ತಾಲೀಮಿಗೆ ಬಂದ ಹೊಸಬನ ಹಾಗೆ, ಅಳುಕುತ್ತಾ.

“ಮಾವ, ಇವನೊಬ್ಬನದೇ ಚಿಂತೆ ನಂಗೆ” ಅಂದಳು ಜೀವಿತಾ. “ಕಾಳು, ಪುಡಿ ಮುಟ್ಟಲ್ಲ. ಈ ಸಣ್ಣ ಸೀಗಡಿ ತಿನ್ನೋದು ಕಲಿಸೋಕೇ ನಂಗೆ ತಿಂಗಳುಗಟ್ಟಲೆ ಹಿಡೀತು. ಮೊದಲು ಮೋಟಾರು ನಿಲ್ಲಿಸಿ, ಸೀಗಡಿಯ ಐಸು ಕರಗಿಸಿ, ಈ ಗಾಜಿನ ಕೊಳವೇಲಿ ತಳದಲ್ಲಿರೋ ಅವನ ತಟ್ಟೆಗೆ ಬಿಡಿ. ದಿನಾ ಬಿಡಬೇಕು ಮಾವ. ಒಂದ್ಸಲ ಹೊಟ್ಟೆ ಒಳಕ್ಕೆ ಹೋದ್ರೆ ಆಮೇಲೆ ಉಳಿಯಲ್ಲ.”

ಆಮೇಲೆ ತಗ್ಗಿದ ದನಿಯಲ್ಲಿ, “ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೇಲಿ ನಂಗೆ ಮಾತಾಡೋಕೆ ಇವನೊಬ್ಬನೇ ಇದ್ದದ್ದು” ಅಂದಳು.

ನಾನು ಎದೆ ಸೆಟೆಸಿದೆ. “ಮಗಳೇ! ಈ ರೇವಣಸಿದ್ದಯ್ಯನ ದೇಹದಲ್ಲಿ ಉಸಿರಾಡುವವರೆಗೆ ಚಿತ್ತಾರನ ಒಂದು ರೆಕ್ಕೆಯೂ ಕೊಂಕದು! ಇದು ನನ್ನ ವಾಗ್ದಾನ!”

ಕಾರಿನಲ್ಲಿದ್ದ ಬೀಗರು ಚಪ್ಪಾಳೆ ತಟ್ಟಿದರು. ಜೀವಿತಾ ನಕ್ಕಳು. “ಮೆತ್ತಗೆ ಮಾವ. ನೋಡಿ, ಒಳಗೋಗ್ಬಿಟ್ಟ.”

ಚಿತ್ತಾರ ಕಲ್ಲಿನ ಸಂದಿಯಲ್ಲಿದ್ದ.

ಆಗಸ್ಟ್ ೭, ಗುರುವಾರ

ಲಿಂಗಪೂಜೆ ಮಾಡುವ ಈ ಕೈ ಸೀಗಡಿ ಮುಟ್ಟುವುದೆಂದರೆ! ಆ ಪೊಟ್ಟಣಗಳಿಗೆಂದೇ ಸೊಸೆ ಒಂದು ಪುಟಾಣಿ ಫ್ರಿಜ್ಜು ಇಟ್ಟಿದ್ದಾಳೆ. ಅದು ಮಹಡಿ ಮೆಟ್ಟಿಲ ಕೆಳಗೆ ಇರಬೇಕು, ಅಡುಗೆಮನೆ ಹೊಸ್ತಿಲ ಕಡೆ ತಿರುಗಿಯೂ ನೋಡಬಾರದು ಎನ್ನುವುದು ನನ್ನ ಹೆಂಡತಿ ಗುರುಶಾಂತಮ್ಮನ ಕಟ್ಟಪ್ಪಣೆ. ನಾನು ಇಕ್ಕಳದಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿ, ಕರಗಿಸಿ ಬಿಟ್ಟೆ. ಆಮೇಲೆ ಸ್ನಾನ.

“ಯುದ್ಧ ಮುಗೀತಾ ಮಹಾರಾಜರದ್ದು?” ಅಂದಳು ಗುರುಶಾಂತ.

“ನಗ್ತೀಯೇನೇ? ನೀನೊಂದು ದಿನ ಮಾಡು ನೋಡಾನ.”

“ಮಾತು ಕೊಟ್ಟೋರು ನೀವು ಕಣ್ರೀ. ನಾನು ಬರೀ ಬೀಗಿತ್ತಿಗೆ ಕುಂಕುಮ ಕೊಟ್ಟೆ.”

ಆದರೆ ಚಿತ್ತಾರ ಬಂದ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ತಟ್ಟೆಯ ಅಂಚಿಗೆ ನಡೆದು ಬಂದು, ಒಂದನ್ನು ದಿಟ್ಟಿಸಿ, ಯೋಚನೆ ಮಾಡಿ, ಕುಕ್ಕಿದ. “ಭಲೇ!” ಅಂದುಬಿಟ್ಟೆ. ತಕ್ಷಣ ಮಾಯ.

ಸಂಜೆ ಜೀವಿತಾಳಿಗೆ ಫೋನು ಮಾಡಿ ಸತ್ಯವನ್ನೇ ಹೇಳಿದೆ. ಎಷ್ಟು ಖುಷಿಪಟ್ಟಳು!

ಆಗಸ್ಟ್ ೧೭, ಭಾನುವಾರ

ನಾಳೆ ಕೊನೆಯ ಶ್ರಾವಣ ಸೋಮವಾರ. ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ದಯಮಾಡಿಸುತ್ತಾರೆ. ಎಂಥ ಭಾಗ್ಯ! ನೊಣವಿನಕೆರೆಯಿಂದ ನೆಂಟರು, ಕೊಬ್ಬರಿ ಮಂಡಿಯ ವರ್ತಕರು, ನಾಟಕ ಮಂಡಳಿ ಪೂರ್ತಿ ಬರಲಿದೆ. ಗೋಡೆ ತೊಳೆದು ತೋರಣ ಕಟ್ಟಿದ್ದಾಯಿತು.

ಮೆಟ್ಟಿಲ ಕೆಳಗಿನ ಫ್ರಿಜ್ಜು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಸ್ವಾಮಿಗಳು ಪಾದವಿಡುವ ಸೂರಿನ ಕೆಳಗೆ ಸೀಗಡಿಯೇ? ಯಾರಾದರೂ ನೀರಿನ ಬಾಟಲಿಗೆಂದು ಬಾಗಿಲು ತೆಗೆದರೆ? ಯಾರೂ ನನಗೆ ಹೇಳಲಿಲ್ಲ. ಗುರುಶಾಂತಳೂ ಹೇಳಲಿಲ್ಲ. ನಾನೇ ಪೊಟ್ಟಣಗಳನ್ನೆಲ್ಲ ಹಿತ್ತಿಲಿಗೆ ಒಯ್ದು ತೆಂಗಿನ ಮರದ ಬುಡದಲ್ಲಿ ಹೂತೆ. ಫ್ರಿಜ್ಜಿಗೆ ವಿಭೂತಿ ನೀರು ಚಿಮುಕಿಸಿ ಒರೆಸಿದೆ.

ಪೂಜೆ ಮುಗಿದ ಮೇಲೆ ಬೆಂಗಳೂರಿನ ಅಂಗಡಿಯಿಂದ ಹೊಸದು ತರಿಸಿದರಾಯಿತು. ಎರಡು ದಿನ ಉಪವಾಸ ಇದ್ದರೆ ಮೀನು ಸಾಯುತ್ತದೆಯೇ? ಶ್ರಾವಣದಲ್ಲಿ ನಾವೂ ಇರುತ್ತೇವೆ.

ಆಗಸ್ಟ್ ೧೮, ಸೋಮವಾರ

ಪಾದಪೂಜೆ ವೈಭವದಿಂದ ನಡೆಯಿತು. ನಾನೇ ಮಂಗಳ ಹಾಡಿದೆ. ಬೀದಿಯಾಚೆಗೂ ಕೇಳಿಸಿತಂತೆ.

ಹೊರಡುವಾಗ ಸ್ವಾಮಿಗಳು ಗಾಜಿನ ಸಮುದ್ರದ ಮುಂದೆ ನಿಂತರು. ಹಿಂದೆ ಇಡೀ ಸಭೆ ನಿಂತಿತು. “ಚೆನ್ನಾಗಿದೆಯಲ್ಲ. ಇವು ಏನು ತಿಂತಾವೆ?” ಎಂದು ಕೇಳಿದರು.

ಅಷ್ಟು ಮುಖಗಳು ನನ್ನ ಕಡೆ ತಿರುಗಿದವು. ಅಷ್ಟು ಮುಖಗಳು ತಿರುಗಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಬುದ್ಧಿ!” ಅಂದೆ, ಕೈಮುಗಿದು, ಮೂರನೆಯ ಅಂಕದ ದನಿಯಲ್ಲಿ. “ಈ ಮನೆಯ ಅನ್ನದ ಗುಣ! ನಮ್ಮ ಮನೆಯ ಮೀನು ಸಸ್ಯಾಹಾರಿ! ತೆಂಗಿನಕಾಯಿ ತುರಿ ಬಿಟ್ಟರೆ ಇನ್ನೊಂದು ಮುಟ್ಟುವುದಿಲ್ಲ!”

ಚಪ್ಪಾಳೆ! ನೊಣವಿನಕೆರೆಯ ಅಜ್ಜಿಯೊಬ್ಬರು ಗಾಜಿಗೆ ಕೈಮುಗಿದರು. ಸ್ವಾಮಿಗಳು ಮಾತ್ರ ಕಲ್ಲಿನ ಸಂದಿಯನ್ನೇ ನೋಡುತ್ತಾ, “ಅವನು ಒಪ್ಪಿದ್ದಾನಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗಸ್ಟ್ ೨೩, ಶನಿವಾರ

ಸಾಕಪ್ಪ ಸಾಕು. ಮಂಡಿಗೆ ಹೋದರೆ “ಏನ್ ಸಿದ್ದಯ್ಯನೋರೆ, ಮೀನಿಗೂ ಲಿಂಗದೀಕ್ಷೆ ಕೊಡಿಸಿದ್ರಂತೆ?” ತಾಲೀಮಿಗೆ ಹೋದರೆ ಹಾರ್ಮೋನಿಯಂ ರಂಗಯ್ಯ ಮೇಷ್ಟ್ರು “ನಿಮ್ಮ ಮೀನ್ ನೋಡಕ್ಕೆ ನಮ್ಮ ಮನೆಯೋರೂ ಬತ್ತಾರಂತೆ” ಅನ್ನುತ್ತಾರೆ.

ಬೆಂಗಳೂರಿನ ಸೀಗಡಿ ಬರುವುದು ಬಸ್ಸಿನ ಪಾರ್ಸೆಲ್ಲಿನಲ್ಲಿ, ಐಸಿನ ಡಬ್ಬಿಯಲ್ಲಿ. ಮೇಲೆ ನನ್ನ ಹೆಸರು, ಪಕ್ಕದಲ್ಲಿ ಸೀಗಡಿಯ ಚಿತ್ರ. ಪಾರ್ಸೆಲ್ ಕೌಂಟರಿನಲ್ಲಿ ಕೂರುವವನು ನಮ್ಮ ನಾಟಕದ ಮಂತ್ರಿ ಪಾರ್ಟಿನವನು. ಊರಿಗೇ ಡಂಗುರ ಹೊಡೆದಂತೆ! ಇಂದು ತರಿಸುತ್ತೇನೆ, ನಾಳೆ ತರಿಸುತ್ತೇನೆ ಅಂದುಕೊಳ್ಳುತ್ತಲೇ ಇದ್ದೇನೆ.

ಮಗ ಜ್ಞಾನೇಶನಿಗೆ ಹೇಳೋಣವೆಂದರೆ ಕೊಬ್ಬರಿ ಪುಡಿ ಕಾರ್ಖಾನೆಗೆ ಹೊಸ ಯಂತ್ರ ಬಂದಿದೆ ಅಂತ ಊಟಕ್ಕೂ ಮನೆಗೆ ಬರುವುದಿಲ್ಲ.

ಜೀವಿತಾಳ ರಕ್ತದೊತ್ತಡ ಏರಿದೆಯಂತೆ. ಮಂಚ ಬಿಟ್ಟು ಇಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಫೋನಿನಲ್ಲಿ ಮೊದಲು ಕೇಳಿದ್ದೇ, “ತಿಂತಿದಾನಾ ಮಾವ?”

ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೇ ಹೋಗಿದ್ದೆ. “ತಿಂತಿದಾನಾ ಅಂತೀಯಾ? ಹಾಕಿದ್ದೇ ತಡ, ಗಬಗಬ ತಿಂದು ತಟ್ಟೆ ಬಳಿದುಬಿಟ್ಟ ಕಣಮ್ಮ!”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಸಿಗ್ನಲ್ ಸರಿ ಇರಲಿಲ್ಲವೇನೋ. ಆಮೇಲೆ “ಸರಿ ಮಾವ” ಅಂದಳು.

ಪಾರ್ಟು ಚೆನ್ನಾಗಿಯೇ ಬಂತು. ಆದರೆ ಕಿರೀಟ ಬಿಚ್ಚಿದ ಮೇಲೆ ತಲೆಯ ಸುತ್ತ ಒಂದು ಗೆರೆ ಉಳಿಯುತ್ತದಲ್ಲ, ಹಾಗೆ ಏನೋ ಉಳಿದುಕೊಂಡಿದೆ.

ಆಗಸ್ಟ್ ೩೦, ಶನಿವಾರ

ರಂಗಯ್ಯ ಮೇಷ್ಟ್ರು ಸಂಸಾರ ಸಮೇತ ಬಂದೇಬಿಟ್ಟರು. “ಎಲ್ಲಿ, ಕಾಯಿತುರಿ ಹಾಕಿ ತೋರ್ಸಿ ಮತ್ತೆ!”

ಹಾಕಿದೆ. ಕೈಯಾರೆ, ಎಳೆಯ ಕಾಯಿ ಹುಡುಕಿ, ನುಣ್ಣಗೆ ತುರಿದು. ಕೊಬ್ಬರಿ ತಿನ್ನದ ಜೀವ ಈ ಸೀಮೆಯಲ್ಲಿ ಯಾವುದಿದೆ? ಇಲಿ, ಅಳಿಲು, ಹಸು, ಇರುವೆ ಎಲ್ಲವೂ ತಿನ್ನುತ್ತವೆ. ಹಸಿದರೆ ಚಿತ್ತಾರನೂ ತಿನ್ನುತ್ತಾನೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಇದ್ದದ್ದು ನಿಜ.

ಹೊಟ್ಟೆಬಾಕ ಜೋಡಿ ಮೀನುಗಳು ಮುಗಿಬಿದ್ದು ನುಂಗಿದವು. “ಅಬ್ಬಬ್ಬಾ! ಕಂಡೆ ಕಣ್ರೀ, ಕಣ್ಣಾರ ಕಂಡೆ!” ಎಂದು ಮೇಷ್ಟ್ರು ಪೇಟವಿಲ್ಲದ ತಲೆಗೆ ಕೈ ಇಟ್ಟುಕೊಂಡರು.

ಚಿತ್ತಾರ ಸಂದಿಯಿಂದ ಹೊರಗೆ ಬಂದ. ಒಂದು ಚೂರು ತುರಿ ಅವನ ಮುಂದೆಯೇ ಇಳಿದು ಬಿತ್ತು. ಅದನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ ಎಂದು ಬರೆಯಲು ಹೊರಟೆ. ಮೀನು ಯಾರ ಕಡೆ ನೋಡುತ್ತದೆ ಎಂದು ಯಾರು ಬಲ್ಲರು. ಒಳಗೆ ಹೋದ.

ಅವನ ಹೊಟ್ಟೆಯ ಕೆಳಗೆ ಚಿಮಟಿಯಿಂದ ಅದುಮಿದ ಹಾಗೆ ಒಂದು ತಗ್ಗು ಕಂಡಿತು.

ಸೆಪ್ಟೆಂಬರ್ ೧, ಸೋಮವಾರ

ನೀರು ಅಕ್ಕಿ ತೊಳೆದ ನೀರಿನ ಹಾಗಾಗಿದೆ. ಮೇಲೆ ಎಣ್ಣೆಯ ಪದರ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ ನೊರೆಯನ್ನೇ ಬಿಡುತ್ತಿಲ್ಲ. ಹವಳಗಳೆಲ್ಲ ಮುಷ್ಟಿ ಕಟ್ಟಿಕೊಂಡಿವೆ. ಜೋಡಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ.

ಬೆಂಗಳೂರಿನ ಅಂಗಡಿಗೆ ಫೋನು ಮಾಡಿ, “ನನ್ನ ಸ್ನೇಹಿತರೊಬ್ಬರು ತಿಳಿಯದೆ ಕಾಯಿತುರಿ ಹಾಕಿದ್ದಾರೆ” ಅಂದೆ.

ಆ ಕಡೆಯವರು, “ಏನ್ ಹಾಕಿದ್ದಾರೆ?” ಎಂದು ಎರಡು ಸಲ ಕೇಳಿದರು. ಆಮೇಲೆ, “ಸಾರ್, ಅದು ಮೀನಿನ ತೊಟ್ಟಿನಾ, ಚಟ್ನಿನಾ?”

ಜ್ಞಾನೇಶ ಕಾರ್ಖಾನೆ ಬಿಟ್ಟು ಓಡಿ ಬಂದ. ಅಪ್ಪ ಮಗ ಸೇರಿ ಡ್ರಮ್ಮಿನಲ್ಲಿ ಸಮುದ್ರದುಪ್ಪು ಕಲೆಸಿ, ಕಾಗದ ಹಾಸಿ ಎಣ್ಣೆ ಎತ್ತಿ, ನೀರು ಬದಲಿಸಿದೆವು. ಎಲ್ಲ ಮುಗಿದ ಮೇಲೆ ಅವನು ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ವಿಭೂತಿಯ ಕಲೆ ಬಿಟ್ಟು ಏನೂ ಇರಲಿಲ್ಲ.

“ಅಪ್ಪಾಜಿ, ಸೀಗಡಿ ಎಲ್ಲಿ?”

ಹೇಳಿದೆ.

“ಅವತ್ತಿಂದ? ಜೀವಿತಾ ನಂಗೆ ಫೋನ್ ಮಾಡಿ ಕೇಳುದ್ಲು. ಅಪ್ಪ ನೋಡ್ಕೋತಾವ್ರೆ ಬುಡು ಅಂದೆ ನಾನು.” ಅಷ್ಟೇ ಅಂದದ್ದು. ಬೈದಿದ್ದರೆ ನಾನೂ ಎದುರು ಬೈಯಬಹುದಿತ್ತು.

ಸೆಪ್ಟೆಂಬರ್ ೨, ಮಂಗಳವಾರ

ಬೆಂಗಳೂರಿಗೆ ಆರ್ಡರ್ ಹಾಕಿದ್ದಾಯಿತು, ನನ್ನ ಹೆಸರಲ್ಲೇ. ಸ್ಟಾಕಿಲ್ಲ, ವಾರದೊಳಗೆ ಕಳಿಸುತ್ತೇವೆ ಅಂದರು. ಅಲ್ಲಿಯವರೆಗೆ?

ಮೀನಿನಂಗಡಿಗೆ ಹೋದೆ. ಅಂಗಡಿಯವಳು ವಸಂತ. ನಮ್ಮ ನಾಟಕವೆಂದರೆ ಮುಂದಿನ ಸಾಲಲ್ಲಿ ಚಾಪೆ ಹಾಕಿ ಕೂರುವವಳು. ಟವೆಲ್ಲಿನಿಂದ ಮುಖ ಸುತ್ತಿಕೊಂಡು, ಕಣ್ಣೆರಡು ಬಿಟ್ಟು ನಿಂತೆ. ನನ್ನ ಕೈಲಾದಷ್ಟು ಮೆಲ್ಲಗೆ, “ಸೀಗಡಿ ಇದೆಯೇನಮ್ಮ” ಅಂದೆ.

ತಕ್ಕಡಿ ಹಿಡಿದವಳು ತಲೆಯೆತ್ತದೆ, “ಬನ್ನಿ ಮಹಾರಾಜ್ರೇ! ಮಖ ಮುಚ್ಕಂಡ್ರೆ ದನಿ ಮುಚ್ಕಳಕ್ಕಾಯ್ತದಾ?” ಅಂದಳು. ಸುತ್ತ ನಿಂತಿದ್ದವರೆಲ್ಲ ತಿರುಗಿದರು.

“ನಂಗಲ್ಲಮ್ಮ. ಮೀನಿಗೆ.”

“ತಿಳೀತು ಬುಡಿ. ಮೀನು ಬೇರೇನ್ ತಿಂದಾತು?” ಅವಳ ದನಿಯಲ್ಲಿ ಗೇಲಿ ಇರಲಿಲ್ಲ. “ಊರೆಲ್ಲ ಅಂತಿತ್ತು, ಕಾಯಿ ತಿನ್ನೋ ಮೀನು ಅಂತ. ಸಂಕ್ಟ ಆಯ್ತು ನಂಗೆ. ಹೊಟ್ಟೆಗಿಲ್ದಿದ್ರೆ ಕಾಯೇನು, ಮಣ್ಣೂ ತಿಂತದೆ ಅಂದ್ಕಂಡೆ.”

ಟವೆಲ್ಲು ಬಿಚ್ಚಿದೆ. ಆ ಬಿಸಿಲಲ್ಲಿ ಅದನ್ನು ಇನ್ನೂ ಸುತ್ತಿಕೊಂಡಿರುವುದಕ್ಕೆ ಅರ್ಥವಿರಲಿಲ್ಲ.

ಮನೆಗೆ ತಂದು, ಹಿತ್ತಿಲ ಕಲ್ಲಿನ ಮೇಲೆ ಚಾಕುವಿನಿಂದ ಸಣ್ಣಗೆ ಕೊಚ್ಚಿದೆ. ಕೈಗೆ ವಾಸನೆ ಹತ್ತಿತು. ಚಿತ್ತಾರ ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡು ಉಗುಳಿದ. ಮತ್ತೆ ಹಾಕಿಕೊಂಡ. ಮತ್ತೆ ಉಗುಳಿದ. ತಿನ್ನಬೇಕೆಂಬ ಆಸೆ ಅವನಿಗಿತ್ತು. ಅದು ಅವನ ಬಾಯಿಗೆ ಒಗ್ಗಿದ ಊಟವಲ್ಲ.

ಸೆಪ್ಟೆಂಬರ್ ೬, ಶನಿವಾರ

ಪಾರ್ಸೆಲ್ ಬಂತು. ಕೌಂಟರಿನ ಮಂತ್ರಿ, “ಏನ್ ಪ್ರಭುಗಳೇ, ಸೀಗಡಿ?” ಅಂದ. “ಹೌದು, ಸೀಗಡಿ” ಅಂದೆ. ಅವನು ಇನ್ನೇನೋ ಅನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ರಸೀತಿ ಹರಿದುಕೊಟ್ಟ.

ಬಿಟ್ಟೆ. ಚಿತ್ತಾರ ತಟ್ಟೆಯವರೆಗೆ ಬಂದ. ಒಂದನ್ನು ಕುಕ್ಕಿದ, ನುಂಗಿದ. ನಾನು ಸದ್ದು ಮಾಡಲಿಲ್ಲ. ಇನ್ನೊಂದನ್ನು ದಿಟ್ಟಿಸುತ್ತಾ ನಿಂತ. ನೀರಿನ ಅಲೆ ಅದನ್ನು ಅತ್ತ ಒಯ್ದಿತು. ಹಿಂದೆ ಹೋಗಲಿಲ್ಲ. ಬೆನ್ನಿನ ಎರಡೂ ಕಡೆ ಗುಂಡಿ ಬಿದ್ದಿದೆ.

ಜೀವಿತಾ ಫೋನಿನಲ್ಲಿ ಅವನ ವಿಷಯ ಕೇಳಲಿಲ್ಲ. ಮೊನ್ನೆಯೂ ಕೇಳಿರಲಿಲ್ಲ. ದಿನ ತುಂಬುತ್ತಾ ಬಂದ ಹುಡುಗಿ, ಮರೆತಿರಬೇಕು. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ ೧೦, ಬುಧವಾರ

ಹೋದ.

ಹಿತ್ತಿಲಿನಲ್ಲಿ ಹೂಳಲು ಹೋದೆ. ಸೀಗಡಿ ಹೂತ ಜಾಗದಲ್ಲಿ ಬೇಡ ಅನಿಸಿತು. ದಾಸವಾಳದ ಕೆಳಗೆ ಇಟ್ಟೆ. ಬಣ್ಣ ಆಗಲೇ ಹೋಗಿತ್ತು.

ಸೆಪ್ಟೆಂಬರ್ ೧೧, ಗುರುವಾರ

ಮನೆಯಲ್ಲಿ ಸಭೆ.

“ತುಂಬಿದ ಬಸುರಿಗೆ ಇಂಥ ಸುದ್ದಿ ಹೇಳ್ತಾರೇನ್ರೀ? ಬಿಪಿ ಬೇರೆ ಐತೆ. ಹೆರಿಗೆ ಆಗ್ಲಿ, ಬಾಣಂತನ ಮುಗೀಲಿ” ಅಂದಳು ಗುರುಶಾಂತ. ಅವಳು ಹೇಳಿದ್ದು ನ್ಯಾಯವೇ. ಅಷ್ಟು ನ್ಯಾಯವಾದ ಮಾತಿನ ಹಿಂದೆ ಅಡಗಿಕೊಳ್ಳಲು ನನ್ನಂಥ ದೊಡ್ಡ ದೇಹಕ್ಕೂ ಜಾಗ ಸಿಕ್ಕಿತು.

ಜ್ಞಾನೇಶ ಕತ್ತು ತಗ್ಗಿಸಿಕೊಂಡು, “ಬೆಂಗಳೂರಲ್ಲಿ ಅಂಥದ್ದೇ ಸಿಗುತ್ತೆ ಅಪ್ಪಾಜಿ. ತಂದು ಬಿಟ್ರೆ ಗೊತ್ತಾಗಲ್ಲ” ಅಂದ.

ಬದಲಿ ಪಾತ್ರಧಾರಿ! ನಮ್ಮ ಮಂಡಳಿಯಲ್ಲಿ ರಾಣಿ ಪಾರ್ಟಿನವಳಿಗೆ ಜ್ವರ ಬಂದಾಗ ಹಾಗೇ ಅಲ್ಲವೇ ಮಾಡಿದ್ದು. ಅದೇ ಸೀರೆ, ಅದೇ ಕಿರೀಟ, ಪ್ರೇಕ್ಷಕರಿಗೆ ತಿಳಿಯಲೇ ಇಲ್ಲ. ಆಗಲಿ ಅಂದೆ.

ಸಂಜೆ ಸರ್ವಮಂಗಳ ಅವರೇ ವಿಡಿಯೋ ಫೋನು ಮಾಡಿದರು. “ಬೀಗರೇ, ನಿಮ್ಮ ಸೊಸೆ ಸರಿಯಾಗಿ ಉಣ್ತಾನೇ ಇಲ್ಲ, ನೀವಾದ್ರೂ ಹೇಳಿ.” ಪರದೆಯ ಮೇಲೆ ಜೀವಿತಾಳ ಮುಖ ಊದಿಕೊಂಡಿತ್ತು. “ಉಣ್ಣಮ್ಮ” ಅಂದೆ. “ಮನೇಲಿ ಎಲ್ಲ ಚೆನ್ನಾಗಿದೆ. ಎಲ್ಲಾರೂ ಚೆನ್ನಾಗಿದೀವಿ.”

“ಹೂಂ ಮಾವ” ಅಂದಳು.

ಸೆಪ್ಟೆಂಬರ್ ೨೧, ಭಾನುವಾರ

“ಅಮಾವಾಸ್ಯೆ ದಿನ ಜೀವ ಕೊಂಡು ತರ್ತಾರಾ?” ಎಂದು ಗುರುಶಾಂತ ಗೊಣಗುತ್ತಿದ್ದರೂ ಅಪ್ಪ ಮಗ ರೈಲು ಹತ್ತಿದೆವು.

ಅಂಗಡಿಯ ಗೋಡೆ ತುಂಬ ಸಣ್ಣ ಸಣ್ಣ ಗಾಜಿನ ಖಾನೆಗಳು. ಒಂದರಲ್ಲಿ ಅವನೇ! ಅದೇ ನೀಲಿ, ಅದೇ ಬಳ್ಳಿ. ಬರಿಯ ಗಾಜಿನ ತಳದಲ್ಲಿ, ಕುಕ್ಕಲು ಒಂದು ಕಲ್ಲೂ ಇಲ್ಲದೆ, ಅತ್ತಿಂದಿತ್ತ ನಡೆಯುತ್ತಿದ್ದ.

“ಇದು ಫ್ರಿಜ್ಜಿನ ಸೀಗಡಿ ತಿಂತದಾ?” ಎಂದು ಕೇಳಿದೆ.

“ಕಲಿಸಬೇಕು ಸಾರ್. ಮನೇಲಿ ತಾಳ್ಮೆ ಇರೋರು ಇದ್ರೆ ಕಲಿಯುತ್ತೆ” ಅಂದ ಅಂಗಡಿಯವನು.

ಜ್ಞಾನೇಶ ಪ್ಯಾಕ್ ಮಾಡಿಸಲು ಹೊರಟಿದ್ದ. ನಾನು ಬಗ್ಗಿ ನೋಡಿದೆ. ಹೊಟ್ಟೆಯ ಕೆಳಗೆ ಚಿಮಟಿಯಿಂದ ಅದುಮಿದಂಥ ತಗ್ಗು. ಈಗ ನನಗೆ ಅದು ಮೊದಲು ಕಾಣುತ್ತದೆ.

“ಬೇಡ, ನಡಿ” ಅಂದೆ.

“ಯಾಕಪ್ಪಾಜಿ? ಥೇಟ್ ಅದೇ ಥರ ಐತಲ್ಲ.”

“ಅದಕ್ಕೇ ಬೇಡ.”

ವಾಪಸು ರೈಲು ಗುಬ್ಬಿ ದಾಟಿತು. ಆಮೇಲೆ ಅವನು, “ಹೇಳೋರ್ಯಾರು ಅವಳಿಗೆ?” ಅಂದ. ನಾನು ಕಿಟಕಿಯ ಆಚೆಗೆ ತೆಂಗಿನ ಸಾಲು ನೋಡುತ್ತಿದ್ದೆ. ಯಾರೆಂದು ಅವನಿಗೂ ಗೊತ್ತಿತ್ತು.

ಅಕ್ಟೋಬರ್ ೩, ಶುಕ್ರವಾರ

ಹೆಣ್ಣು ಕೂಸು. ತಾಯಿ ಮಗು ಕ್ಷೇಮ.

ಮಂಡಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆ. “ಎಲ್ಲಿ, ಒಂದು ಕಂದಪದ್ಯ ಆಗ್ಲಿ!” ಅಂದರು. ಗಂಟಲು ಕಟ್ಟಿದೆ ಅಂದೆ. ಕಟ್ಟಿರಲಿಲ್ಲ. ಇದೂ ಒಂದು ಸುಳ್ಳು, ಬರೆದಿಡುತ್ತೇನೆ.

ಅಕ್ಟೋಬರ್ ೯, ಗುರುವಾರ

ಬೆಳಿಗ್ಗೆ ಸೀಗಡಿ ಕರಗಿಸಿ ಜೋಡಿ ಮೀನಿಗೆ ಹಾಕಿ, ಗಾಜು ಒರೆಸಿ, ಕೈ ತೊಳೆದು ಮಂಡಿಗೆ ಹೋದೆ. ನಾನು ಎದುರಿಗೆ ಕೂತಿದ್ದಾಗಲೇ ಅಂಚಿನ ಹವಳ ಅರಳಿತು. ಇಷ್ಟು ದಿನ ನಾನು ಬಂದರೆ ಮುಚ್ಚಿಕೊಳ್ಳುತ್ತಿತ್ತು. ನೀರು ಸರಿಹೋಗಿದೆ ಎಂದು ಕಾಣುತ್ತದೆ.

ತಾಲೀಮಿನಲ್ಲಿ ರಂಗಯ್ಯ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, “ಏನ್ ಸ್ವಾಮಿ, ಮಹಾರಾಜ ಆಸ್ಥಾನದಲ್ಲಿ ಮಾತಾಡ್ತಾವ್ನೋ, ಆಸ್ಪತ್ರೇಲಿ ಮಾತಾಡ್ತಾವ್ನೋ? ಹಿಂದ್ಗಡೆ ಕೂತೋರ್ಗೆ ಕೇಳ್ಬೇಕಲ್ಲ!” ಅಂದರು. ಎಲ್ಲರೂ ನಕ್ಕರು. ನಾನು ಎಂದಿನಂತೆಯೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.

ಅಕ್ಟೋಬರ್ ೧೫, ಬುಧವಾರ

ತುರುವೇಕೆರೆಯಲ್ಲಿ ತೊಟ್ಟಿಲ ಶಾಸ್ತ್ರ. ಕೂಸಿಗೆ ನಿಸರ್ಗ ಎಂದು ಹೆಸರಿಟ್ಟರು. ಒಬ್ಬಟ್ಟಿನ ಊಟ. “ಬೀಗರೇ, ಮೊಮ್ಮಗಳ ಮೇಲೆ ನಾಲ್ಕು ಮಾತು ಆಡ್ಬೇಕು, ಬೀದಿ ಪೂರ್ತಿ ಕೇಳ್ಬೇಕು!” ಎಂದು ಸರ್ವಮಂಗಳ ಹುರಿದುಂಬಿಸಿದರು. ನೆಂಟರೆಲ್ಲ ನನ್ನ ಕಡೆ ತಿರುಗಿದರು. ಆ ಅಷ್ಟೂ ಮುಖಗಳು. ಕೈಮುಗಿದು ಕೂತುಬಿಟ್ಟೆ.

ಊಟವಾದ ಮೇಲೆ ಬಾಣಂತಿ ಕೋಣೆಗೆ ಹೋದೆ. ಸಾಂಬ್ರಾಣಿ ಹೊಗೆ. ಜೀವಿತಾ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ತೊಟ್ಟಿಲು. ಗುರುಶಾಂತ ಬಾಗಿಲಿನಿಂದಲೇ ಕಣ್ಸನ್ನೆ ಮಾಡಿದಳು, ಬೇಡ, ಇವತ್ತು ಬೇಡ ಎಂದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ದೊಡ್ಡ ಮಾತೊಂದನ್ನು ಕಟ್ಟಿಕೊಂಡು ಬಂದಿದ್ದೆ. ಅಪರಾಧಿ, ಕ್ಷಮೆ, ಪಶ್ಚಾತ್ತಾಪ ಎಲ್ಲ ಅದರಲ್ಲಿತ್ತು. ಒಂದಕ್ಷರವೂ ಬರಲಿಲ್ಲ.

“ಚಿತ್ತಾರ ಇಲ್ಲ ಕಣಮ್ಮ” ಅಂದೆ.

“ಗೊತ್ತು ಮಾವ.”

“ಜ್ಞಾನೇಶ ಹೇಳಿದ್ನಾ?”

“ಯಾರೂ ಹೇಳ್ಲಿಲ್ಲ. ಗಬಗಬ ತಿಂದು ತಟ್ಟೆ ಬಳಿದ ಅಂದ್ರಲ್ಲ ನೀವು. ಅವನು ಯಾವತ್ತೂ ಹಾಗೆ ತಿಂದೋನಲ್ಲ. ಅವತ್ತೇ ತಿಳೀತು, ಏನೋ ಸರಿಯಿಲ್ಲ ಅಂತ. ನಿಮ್ಮ ಮಗನ್ನ ಕೇಳ್ದೆ. ಅಪ್ಪ ನೋಡ್ಕೋತಾವ್ರೆ ಅಂದ್ರು.”

ಸೀಗಡಿ ಹೂತದ್ದು, ಸ್ವಾಮಿಗಳ ಮುಂದೆ ಜಂಬ ಕೊಚ್ಚಿದ್ದು, ಕಾಯಿತುರಿ ಹಾಕಿದ್ದು ಎಲ್ಲ ಹೇಳಿದೆ. ಕಾಯಿತುರಿ ಎಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

“ಮತ್ತೆ ನನ್ನ ಯಾಕೆ ಕೇಳ್ಲಿಲ್ಲಮ್ಮ?”

“ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳ್ಬೇಕಾಗಿತ್ತು. ಫೋನ್ ಮಾಡಿದಾಗ್ಲೆಲ್ಲ ಅಮ್ಮ ಪಕ್ಕದಲ್ಲೇ ಇರೋರು. ಅವರ ಮುಂದೆ ನೀವು ಸಣ್ಣೋರಾಗೋದು ನಂಗೆ ನೋಡೋಕೆ ಆಗ್ತಿರ್ಲಿಲ್ಲ.”

ಅವಳು ಅಳುತ್ತಿರಲಿಲ್ಲ. ತೊಟ್ಟಿಲ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಇಲ್ಲಿ ನಂಗೆ ಹೊತ್ತೊತ್ತಿಗೆ ತುಪ್ಪ ಹಾಕಿ ಉಣ್ಣಿಸೋರು ಮಾವ. ತುತ್ತು ಬಾಯಿಗೆ ಇಡೋವಾಗ್ಲೆಲ್ಲ ಅವನ ಹೊಟ್ಟೆ ಕಣ್ಣ ಮುಂದೆ ಬರೋದು. ಮಂಚ ಇಳಿಯೋ ಹಾಗಿರ್ಲಿಲ್ಲ ನಾನು. ಇಲ್ಲಾಂದಿದ್ರೆ ನಡ್ಕೊಂಡಾದ್ರೂ ಬರ್ತಿದ್ದೆ.”

ಅಷ್ಟು ದಿನ ನಾನು ಈ ಹುಡುಗಿಯ ಮುಂದೆ ಅಭಿನಯಿಸಿದ್ದೆ. ಅವಳು ಎಲ್ಲ ತಿಳಿದೂ, ನನ್ನ ಮಾನ ಹೋಗದಿರಲೆಂದು, ತುಂಬಿದ ಹೊಟ್ಟೆ ಹೊತ್ತುಕೊಂಡು ಕೂತು ನೋಡಿದ್ದಳು.

ಕೂಸು ಅತ್ತಿತು. ನನ್ನ ಕೈ ತಾನಾಗಿ ತೊಟ್ಟಿಲ ಕಡೆ ಹೋಯಿತು.

“ಇವತ್ತು ಬೇಡ ಮಾವ” ಅಂದಳು ಜೀವಿತಾ. ಕೂಸನ್ನು ತಾನೇ ಎತ್ತಿಕೊಂಡಳು. ಅದರ ಬೆನ್ನು ತಟ್ಟುತ್ತಾ, ನನ್ನ ಕಡೆ ನೋಡದೆ, “ನಾಳೆ ಬನ್ನಿ” ಅಂದಳು.

ಅಕ್ಟೋಬರ್ ೧೬, ಗುರುವಾರ

ಜೋಡಿ ಮೀನಿಗೆ ಹಾಕಿದ್ದಾಯಿತು. ನೀರಿನ ಉಪ್ಪಿನ ಹದ ನೋಡಿದ್ದಾಯಿತು.

ಅಂಗಿ ಹಾಕಿಕೊಳ್ಳುವಾಗ ಗುರುಶಾಂತ, “ಹೋಗಿ ಏನಂತೀರ ಅವಳಿಗೆ?” ಎಂದು ಕೇಳಿದಳು.

ಗೊತ್ತಿಲ್ಲ ಅಂದೆ.

ತುರುವೇಕೆರೆ ಬಸ್ಸಿಗೆ ಹೊತ್ತಾಯಿತು.